ಜೋಡಿ ಲೆಕ್ಕ

ಶಿವರಾಜ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಹೊರಗಿನ ಕೋಣೆಯಲ್ಲಿ ಅವನ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ಹೆಂಡತಿ ತ್ರಿವೇಣಿ ಫೋನನ್ನು ಕಿವಿಗಿಟ್ಟುಕೊಂಡೇ ದೇವರ ಕೋಣೆಯ ಬಾಗಿಲಿಗೆ ಬಂದಳು.

"ಶಿವರಾಜ, ಏಳು. ದವಾಖಾನಿಯವ್ರು. ಕಾತ್ರಜದ ಆಚೆ ಯಾವ್ದೋ ಬಿಲ್ಡಿಂಗ್ ಬಿದ್ದದಂತ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಚನ್ನಬಸವ್ವನ ಕೈ ಅಲ್ಲೇ ನಿಂತಿತು. ಬಿಲ್ಡಿಂಗ್ ಬಿದ್ದದ್ದಕ್ಕಲ್ಲ, ಸೊಸೆ ಗಂಡನನ್ನು ಹೆಸರು ಹಿಡಿದು ಕರೆದದ್ದಕ್ಕೆ. ಸೊಸೆ ಬಂದು ಎಷ್ಟೋ ವರ್ಷವಾಗಿದ್ದರೂ ಮುದುಕಿಗೆ ಅದು ಪ್ರತಿ ಸಲವೂ ಹೊಸದಾಗಿಯೇ ಚುಚ್ಚುತ್ತಿತ್ತು. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳಿಗೆ ನಾಳೆ ಬೆಳಗಾಗುವಷ್ಟೇ ಖಾತ್ರಿ. ಗಂಡ ಶಿವಪುತ್ರಪ್ಪ ಬದುಕಿದ್ದಾಗಲೂ, ಹೋದಮೇಲೂ ಅವಳು ಆ ಹೆಸರನ್ನು ನಾಲಗೆಯ ಮೇಲೆ ತಂದವಳಲ್ಲ. ಹಿಂದೊಮ್ಮೆ ರೇಶನ್ ಆಫೀಸಿನ ಗುಮಾಸ್ತ ಗಂಡನ ಹೆಸರು ಕೇಳಿದಾಗ, ತನ್ನ ಹರಕುಮುರುಕು ಮರಾಠಿಯಲ್ಲಿ 'ಶಂಕರನ ಮಗ' ಎಂದು ಸುಳಿವು ಕೊಟ್ಟಿದ್ದಳು. ಅವನು ಜಾಣನಂತೆ ತಲೆಯಾಡಿಸಿ 'ಗಣಪತ' ಎಂದು ಬರೆದುಕೊಂಡ. ಆ ತಪ್ಪು ತಿದ್ದಿಸುವವರೆಗೆ ಆ ಮನೆಯವರೆಲ್ಲ ಗಣಪತನ ಕಾರ್ಡಿನ ಮೇಲೆಯೇ ಸಕ್ಕರೆ ತಂದರು. ಈ ಕಥೆಯನ್ನು ಶಿವರಾಜ ಆಫೀಸಿನಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದ.

"ಪೂಜಿ ಅರ್ಧಕ್ಕ ಬಿಡಬ್ಯಾಡಪಾ," ಚನ್ನಬಸವ್ವ ಅಲ್ಲಿಂದಲೇ ಹೇಳಿದಳು.

ಅವನು ಅಂಗೈಯನ್ನೊಮ್ಮೆ ನೋಡಿದ, ತ್ರಿವೇಣಿಯ ಮುಖವನ್ನೊಮ್ಮೆ ನೋಡಿದ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕರಡಿಗೆಯನ್ನು ಎದೆಗೆ ಇಳಿಬಿಟ್ಟುಕೊಂಡ. ಪೂಜೆ ಮುಗಿಯದೆ ಅವನು ನೀರೂ ಮುಟ್ಟುವವನಲ್ಲ. ಹಾಗಾಗಿ ಹೊಟ್ಟೆ ಬರಿದಿಟ್ಟುಕೊಂಡೇ, ಹಣೆಯ ಮೇಲೆ ಹಸಿ ವಿಭೂತಿಯೊಂದಿಗೆ ಕಾರು ಹತ್ತಿದ.

ಅದು ೨೦೦೬ರ ಒಂದು ಸೋಮವಾರ. ಅವತ್ತು ಹನ್ನೊಂದಕ್ಕೆ ಪುಣೆಯ ಮಗರಪಟ್ಟಾದ ಆಫೀಸಿನಲ್ಲಿ ಅವನಿಗೆ ದೊಡ್ಡ ಕೆಲಸವಿತ್ತು. ಊರೂರಿನಲ್ಲಿ ಆಸ್ಪತ್ರೆ ಇಟ್ಟುಕೊಂಡಿದ್ದ ಒಂದು ಸಂಸ್ಥೆಯವರು ಅವನ ಸಾಫ್ಟ್‌ವೇರ್ ನೋಡಲು ಬರುವವರಿದ್ದರು.

ಸಾಫ್ಟ್‌ವೇರ್ ಎಂದರೆ ಈಗ ಗಾಜಿನ ಕಟ್ಟಡವೇ ಕಣ್ಣ ಮುಂದೆ ಬರುತ್ತದೆ. ಶಿವರಾಜನದು ಶುರುವಾದದ್ದು ಧನಕವಡಿಯ ಒಂದು ಹಿಟ್ಟಿನ ಗಿರಣಿಯ ಹಿಂದೆ. ತಂದೆ ಶಿವಪುತ್ರಪ್ಪ ಗುಳೇದಗುಡ್ಡದಿಂದ ಬಂದು ರವಿವಾರ ಪೇಠೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದವರು. ಮಗ ಡಿಪ್ಲೊಮಾ ಮುಗಿಸಿ, ತೊಂಬತ್ತನಾಲ್ಕರಲ್ಲಿ ಸಹಪಾಠಿ ಸ್ವಪ್ನಿಲ್‌ನ ಜೊತೆ ಸೇರಿ ಕಂಪ್ಯೂಟರ್ ಜೋಡಿಸಿ ಮಾರತೊಡಗಿದ. ಗಿರಣಿಯ ಗೋಡೆ ಪಕ್ಕದಲ್ಲೇ ಇದ್ದುದರಿಂದ ಅವರು ಮಾರಿದ ಯಾವ ಡಬ್ಬಿ ತೆರೆದರೂ ಒಳಗೆ ಜೋಳದ ಹಿಟ್ಟು. ಒಬ್ಬ ಡಾಕ್ಟರು ರಿಪೇರಿಗೆಂದು ತಂದು, "ಇದರಲ್ಲಿ ರೊಟ್ಟಿಯೂ ಆಗುತ್ತದೆಯೇ?" ಎಂದು ಕೇಳಿದ್ದರು. ಅದೇ ಡಾಕ್ಟರು ತಮ್ಮ ನರ್ಸಿಂಗ್ ಹೋಮಿಗೆ ರೋಗಿಗಳನ್ನು ನೋಂದಾಯಿಸಿಕೊಳ್ಳುವ ಪ್ರೋಗ್ರಾಮ್ ಬರೆದುಕೊಡಲು ಹೇಳಿದರು. ಶಿವರಾಜನ ದಾರಿ ಅಲ್ಲಿಂದ ತಿರುಗಿತು. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಲೋಕದ ಕಂಪ್ಯೂಟರುಗಳೆಲ್ಲ ಬುದ್ಧಿ ಕಳೆದುಕೊಳ್ಳುತ್ತವೆ ಎಂಬ ಗುಲ್ಲೆದ್ದಾಗ ಪುಣೆಯ ಸಣ್ಣ ಆಸ್ಪತ್ರೆಗಳೆಲ್ಲ ಅವನ ಬಾಗಿಲಿಗೆ ಬಂದವು. ಮಗರಪಟ್ಟಾದಲ್ಲಿ ಆಫೀಸಾಯಿತು. ಅವನ ಪ್ರೋಗ್ರಾಮಿನ ಹೆಚ್ಚುಗಾರಿಕೆ ಏನೆಂದರೆ ಅದರ ಫಾರ್ಮಿನಲ್ಲಿ ಒಂದು ಮನೆಯನ್ನೂ ಖಾಲಿ ಬಿಡಲು ಬರುತ್ತಿರಲಿಲ್ಲ. ಹೆಸರು, ಊರು, ಸಂಬಂಧಿಕರು, ಅವರು ರೋಗಿಗೆ ಏನಾಗಬೇಕು, ಎಲ್ಲ ತುಂಬಿದರೆ ಮಾತ್ರ ಮುಂದಿನ ಪರದೆ. "ಮನುಷ್ಯ ಬಿಟ್ಟಾನು, ನನ್ನ ಮಷೀನ್ ಬಿಡುವುದಿಲ್ಲ" ಎಂದು ಅವನು ಜಂಬ ಕೊಚ್ಚುತ್ತಿದ್ದ.

ಅವನದು ಇನ್ನೊಂದು ಬದುಕೂ ಇತ್ತು, ಅದು ಭಾನುವಾರದ್ದು. ತಂದೆ ಕಾತ್ರಜದಲ್ಲಿ ಬಸ್ಸಿಳಿಯುವ ಕನ್ನಡದ ಕೂಲಿ ಮಂದಿಗೆ ಮಜ್ಜಿಗೆ ಕೊಡುತ್ತಿದ್ದರು. ಸಿಂದಗಿ, ಸುರಪುರ, ಶಹಾಪುರ, ಅಫಜಲಪುರ ಕಡೆಯವರು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಕೂಸು. ಮಗ ಅದನ್ನು ಮುಂದುವರಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ದಾಸೋಹ ಮಾಡಿದ. ತ್ರಿವೇಣಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಬ್ಯಾಂಕಿನ ಮಹಾಲಿಂಗ ಮುಂತಾದ ಗೆಳೆಯರು ಸೇರಿ ಒಂದು ಬಳಗವಾಯಿತು. ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಹೋಗಿ ಮರಾಠಿ ಬಾರದೆ ಬೆಪ್ಪಾಗಿ ನಿಂತವರ ಬಾಯಾಗುವುದು ಆ ಬಳಗದ ಕೆಲಸ. ಶಿವರಾಜನ ಮೊಬೈಲ್ ನಂಬರು ಎಷ್ಟೋ ತಗಡಿನ ಶೆಡ್ಡುಗಳ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು. ನಮ್ಮ ಮಂದಿಯ ಮನಸ್ಸು ನನಗೆ ಗೊತ್ತು ಎಂಬ ಹೆಮ್ಮೆ ಅವನಿಗೆ ಬಂದದ್ದು ಅಲ್ಲಿಂದ. ಅವತ್ತು ಅವನನ್ನು ಕೆಡವಿದ್ದು ಆ ಹೆಮ್ಮೆಯೇ.

ಆಸ್ಪತ್ರೆ ಧನಕವಡಿಯಲ್ಲಿ, ಮನೆಯಿಂದ ಹತ್ತಿರ; ಅಲ್ಲಿ ಓಡುತ್ತಿದ್ದುದೂ ಅವನದೇ ಪ್ರೋಗ್ರಾಮ್. ಕೌಂಟರಿನ ಹುಡುಗಿ ಅವನನ್ನು ಕಂಡದ್ದೇ ಉಸಿರು ಬಿಟ್ಟಳು. ಕಟ್ಟುತ್ತಿದ್ದ ಕಟ್ಟಡದಲ್ಲಿ ಸ್ಲ್ಯಾಬಿಗೆ ಆಸರೆಯಾಗಿ ಕಟ್ಟಿದ್ದ ಸೆಂಟ್ರಿಂಗ್ ಕುಸಿದಿತ್ತು. ಟೆಂಪೊದವನು ಒಬ್ಬ ಗಾಯಾಳುವನ್ನೂ ಒಬ್ಬ ಹೆಂಗಸನ್ನೂ ಇಳಿಸಿ ಹೋಗಿದ್ದ. ಇನ್ನಿಬ್ಬರು ಗಾಯಾಳುಗಳನ್ನು ಬೇರೆ ಗಾಡಿಯಲ್ಲಿ ಹೆದ್ದಾರಿಯ ಇನ್ನೊಂದು ಆಸ್ಪತ್ರೆಗೆ ಒಯ್ದಿದ್ದರು. ಮಹಾಲಿಂಗ ಅಲ್ಲಿಗೆ ಹೋಗಿದ್ದ.

ಒಳಗೆ ಮಲಗಿದ್ದವನಿಗೆ ಪ್ರಜ್ಞೆ ಇರಲಿಲ್ಲ. ಮುಖ ಬಾತುಕೊಂಡು, ಸಿಮೆಂಟು ಮೆತ್ತಿಕೊಂಡು ಗುರುತೇ ಸಿಗದಂತಾಗಿತ್ತು. ನರ್ಸು ಅವನ ಮುಂಗೈ ಒರೆಸಿದಾಗ ಹಸಿರು ಹಚ್ಚೆ ಕಾಣಿಸಿತು. ಅಲ್ಲಿದ್ದವರಲ್ಲಿ ಅದನ್ನು ಓದಬಲ್ಲವನು ಶಿವರಾಜನೊಬ್ಬನೇ. ಕನ್ನಡದಲ್ಲಿ 'ದೇವಾನಂದ' ಎಂದಿತ್ತು.

"ಎಡಗಾಲು ಮೊಣಕಾಲಿನ ಕೆಳಗೆ ಉಳಿಯುವುದಿಲ್ಲ. ತಡಮಾಡಿದರೆ ಮನುಷ್ಯನೂ ಉಳಿಯುವುದಿಲ್ಲ. ಆಕೆ ಯಾರು, ಕೇಳಿ. ಒಪ್ಪಿಗೆ ಬೇಕು," ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿ ಕೈ ತೊಳೆಯಲು ಹೋದರು.

ಹೆಂಗಸು ಬೆಂಚು ಬಿಟ್ಟು ನೆಲದ ಮೇಲೆ ಕೂತಿದ್ದಳು. ಇಪ್ಪತ್ತೆರಡರ ಆಸುಪಾಸು. ಕೂದಲು ಸಿಮೆಂಟಿನಿಂದ ಬೆಳ್ಳಗಾಗಿತ್ತು. ಶಿವರಾಜ ಎದುರು ಕುಕ್ಕರಗಾಲಲ್ಲಿ ಕೂತ.

"ಯಾವೂರ್ ತಂಗಿ ನಿಮ್ದು? ಹೆಸರೇನು?"

ಕನ್ನಡ ಕೇಳಿದ್ದೇ ಅವಳು ತಲೆಯೆತ್ತಿದಳು. "ದುರ್ಗಾ ರೀ. ಶಹಾಪುರ ತಾಲೂಕು."

"ಒಳಗಿರೋರ ಹೆಸರು?"

ದುರ್ಗಾ ಸೆರಗನ್ನು ಹಣೆಯ ಮೇಲಿಂದ ಎಳೆದುಕೊಂಡು ತಲೆ ತಗ್ಗಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಮತ್ತೆ ಮತ್ತೆ ಕೇಳಿ ಆ ಹೆಣ್ಣಿನ ಪ್ರಾಣ ತಿನ್ನುತ್ತಿದ್ದರು. ಶಿವರಾಜ ಕೇಳಲಿಲ್ಲ. ಈ ಮೌನವನ್ನು ಅವನು ತೊಟ್ಟಿಲಿನಿಂದ ಕಂಡವನು. ಗಂಡನ ಹೆಸರು ಹೇಳುವುದಿಲ್ಲ, ಅದೂ ಅವನು ಸಾವುಬದುಕಿನ ನಡುವೆ ಇರುವಾಗ ಹೇಗೆ ಹೇಳಿಯಾಳು? ಅವನೇ ಮೆಲ್ಲಗೆ, "ದೇವಾನಂದ, ಹೌದಲ್ರಿ?" ಎಂದ. ಅವಳು ತಲೆಯೆತ್ತದೆ ಹೂಂಗುಟ್ಟಿದಳು.

"ಕಾಲು ತಗೀಬೇಕಾಗ್ತದಂತ. ಇಲ್ಲಂದ್ರ ಜೀವಕ್ಕ ಅಪಾಯ ಅದ. ನೀವು ಹೆಬ್ಬಟ್ಟು ಹಾಕಬೇಕು ತಂಗಿ."

"ಅಯ್ಯೋ ಶಿವನ! ಜೀವ ಉಳಸ್ರಿ ಸಾಹೇಬ್ರ. ಊರಾಗ ಅಕ್ಕ ಬಸರಿ ಅದಾಳ. ಆಕಿಗಿ ನಾ ಏನ್ ಹೇಳ್ಲಿ?"

ಗಂಡನ ಕಾಲು ಹೋಗುವ ಹೊತ್ತಿನಲ್ಲಿ ಊರಿನ ಅಕ್ಕನ ಮಾತೇಕೆ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ದುಃಖದಲ್ಲಿ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ ಎಂದುಕೊಂಡು ಕೌಂಟರಿಗೆ ನಡೆದ. ಪರದೆಯ ಮೇಲೆ 'ರೋಗಿಯೊಂದಿಗೆ ಸಂಬಂಧ' ಎಂಬ ಮನೆ ತುಂಬದೆ ಹುಡುಗಿ ತಡವರಿಸುತ್ತಿದ್ದಳು. ಶಿವರಾಜ ಬಗ್ಗಿ, ತಾನೇ ಮಾಡಿದ ಪಟ್ಟಿಯಿಂದ 'ಪತ್ನಿ' ಎಂಬುದನ್ನು ಆರಿಸಿ ಒತ್ತಿದ. ಪರದೆ ಮುಂದಕ್ಕೆ ಹೋಯಿತು. ದುರ್ಗಾ ಹೆಬ್ಬಟ್ಟು ಒತ್ತಿದಳು, ಸ್ಟ್ರೆಚರ್ ಒಳಗೆ ಹೋಯಿತು.

"ಇನ್ನೊಂದು ಗಾಡಿ ಎಲ್ಲಿ ಹೋತ್ರಿ?" ದುರ್ಗಾ ಕೇಳಿದಳು.

"ಹೈವೇದ ದವಾಖಾನಿಗಿ. ನಮ್ಮ ಮಂದಿ ಅದಾರ ಅಲ್ಲಿ. ಎಲ್ಲಾರೂ ಆರಾಮ ಅದಾರ, ಚಿಂತಿ ಮಾಡಬ್ಯಾಡ್ರಿ."

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೊರಗಿದಳು. ಅಷ್ಟಾದರೂ ಹಗುರಾದಳು ಎಂದು ಶಿವರಾಜನಿಗೂ ಸಮಾಧಾನವಾಯಿತು.

ಅಷ್ಟರಲ್ಲಿ ಮುಕಾದಮ ಲಾಲಪ್ಪನ ಫೋನು ಬಂತು. ಊರಿಂದ ಕೂಲಿಗಳನ್ನು ಕರೆತರುವ ಈ ಲಾಲಪ್ಪ ಭಾನುವಾರದ ರೊಟ್ಟಿಗೂ ಬರುತ್ತಿದ್ದವನು. ಅವನ ಹಿಂದೆ ಮಂದಿಯ ಕೂಗಾಟ, ಯಾವುದೋ ಯಂತ್ರದ ಸದ್ದು.

"ಸರ್, ಫೈರ್ ಬ್ರಿಗೇಡಿನವ್ರು ಒಳಗ ಯಾರರ ಉಳದಾರೇನು ಅಂತ ಕೇಳಾಕತ್ತಾರ. ಉಳದ ಜೋಡಿ ಎಲ್ಲಾ ಸಿಕ್ಕಾವ. ದುರ್ಗಾನ ಜೋಡಿ ಒಂದು ನೋಡಬೇಕಾಗ್ಯದ."

ಆ ಕಡೆಯ ಕೂಲಿಗಳಲ್ಲಿ ಲೆಕ್ಕ ತಲೆಯದಲ್ಲ, ಜೋಡಿಯದು. ಗಂಡಹೆಂಡತಿ ಸೇರಿದರೆ ಒಂದು ಜೋಡಿ. ಹೆಂಗಸರನ್ನು ಎಣಿಸಿದರೆ ಗಂಡಸರ ಲೆಕ್ಕವೂ ಸಿಕ್ಕಿತು.

"ಸಿಕ್ಕಾನ. ನನ್ನ ಮುಂದನ ಒಳಗ ಹೋದ. ದುರ್ಗಾ ಇಲ್ಲೇ ಕೂತಾಳ," ಎಂದ ಶಿವರಾಜ.

"ಹಂಗಾದ್ರ ಲೆಕ್ಕ ಜಮಾ ಆತ್ರಿ. ಶಿವ ದೊಡ್ಡಾವ," ಎಂದು ಲಾಲಪ್ಪ ಫೋನಿಟ್ಟ.

ಆಪರೇಷನ್ ಮುಗಿಯುವವರೆಗೆ ಇರೋಣವೆಂದು ಶಿವರಾಜ ಕೂತ. ನರ್ಸು ಚಹಾ ತಂದರೆ ಬೇಡವೆಂದ. ಸ್ವಪ್ನಿಲ್ ಎರಡು ಸಲ ಫೋನ್ ಮಾಡಿದ, ಎರಡನೆಯ ಸಲ ದನಿಯಲ್ಲಿ ಬಿಸಿ ಇತ್ತು. ಆ ಸಂಸ್ಥೆಯವರು ದಾರಿಯಲ್ಲಿದ್ದಾರೆ, ನೀನೆಲ್ಲಿ ಸತ್ತಿದ್ದೀ ಎಂದು ಕೇಳಿದ. ಹತ್ತು ದಾಟಿತ್ತು. ಹೊರಡಬೇಕೆಂದು ಶಿವರಾಜ ಕಾರಿನ ಕೀಲಿ ಕೈಗೆ ತೆಗೆದುಕೊಂಡು ಎದ್ದ. ಆಗಲೇ ಆಪರೇಷನ್ ಕೋಣೆಯ ಬಾಗಿಲು ತೆರೆದು ಸ್ಟ್ರೆಚರ್ ಹೊರಬಂತು.

ದುರ್ಗಾ ಎದ್ದು ನಿಂತಳು. ಅವಳು ಓಡಿ ಹೋಗಿ ಗಂಡನ ಮೈ ಹಿಡಿದುಕೊಳ್ಳುತ್ತಾಳೆ, ತಾನು ಸಂತೈಸಬೇಕಾಗುತ್ತದೆ ಎಂದು ಶಿವರಾಜ ಒಂದು ಹೆಜ್ಜೆ ಮುಂದಿಟ್ಟ. ದುರ್ಗಾ ಓಡಲಿಲ್ಲ. ಸೆರಗನ್ನು ಮುಖ ಮುಚ್ಚುವಷ್ಟು ಎಳೆದುಕೊಂಡು, ಸರಸರನೆ ಗೋಡೆಗೆ ಸರಿದು, ಸ್ಟ್ರೆಚರಿಗೆ ಬೆನ್ನು ತಿರುಗಿಸಿ ನಿಂತಳು. ಅದು ಮುಂದೆ ಹೋಗುವವರೆಗೂ ಹಾಗೆಯೇ ನಿಂತಿದ್ದಳು.

ಶಿವರಾಜನಿಗೆ ಗುಳೇದಗುಡ್ಡದ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ದೊಡ್ಡಪ್ಪ ಹಣಮಂತ್ರಾಯ ಚಪ್ಪಲಿ ಸದ್ದು ಮಾಡುತ್ತ ಒಳಗೆ ಬಂದರೆ ಅವನ ತಾಯಿ ಕೈಯ ಕೆಲಸ ಬಿಟ್ಟು ಹೀಗೆಯೇ ಗೋಡೆಗೆ ಸರಿಯುತ್ತಿದ್ದಳು, ಹೀಗೆಯೇ ಬೆನ್ನು ತಿರುಗಿಸುತ್ತಿದ್ದಳು. ಗಂಡನಿಗಲ್ಲ, ಗಂಡನ ಅಣ್ಣನಿಗೆ. ಅವಳು ದೊಡ್ಡಪ್ಪನ ಹೆಸರನ್ನೂ ಎಂದೂ ಹೇಳಿದವಳಲ್ಲ.

ಅವನು ಕೀಲಿಯನ್ನು ಜೇಬಿಗಿಟ್ಟು ಅವಳ ಬಳಿಗೆ ಹೋದ. "ದುರ್ಗಾ... ಅವರು ನಿಮಗ ಏನಾಗಬೇಕ್ರಿ?"

"ಭಾವ ಆಗಬೇಕ್ರಿ. ಅಕ್ಕನ್ನ ಊರಾಗ ಬಿಟ್ಟು ನಿನ್ನಿ ಬಂದಾರ."

"ನಿಮ್ಮ ಗಂಡ?"

"ಇನ್ನೊಂದು ಗಾಡ್ಯಾಗ ಹೋಗ್ಯಾರಂತ ಟೆಂಪೊದಾಂವ ಹೇಳಿದ್ನಲ್ರಿ." ಅವಳು ಸೆರಗು ಸರಿಸಿ ಅವನ ಮುಖ ನೋಡಿದಳು. "ನೀವೇ ಹೇಳಿದ್ರಲ್ರಿ, ಅಲ್ಲಿ ಎಲ್ಲಾರೂ ಆರಾಮ ಅದಾರಂತ?"

ಮಹಾಲಿಂಗನ ಫೋನು ಒಂದೇ ರಿಂಗಿಗೆ ಸಿಕ್ಕಿತು. ಅಲ್ಲಿದ್ದವರು ಇಬ್ಬರೇ, ಇಬ್ಬರ ಹೆಂಡಿರೂ ಪಕ್ಕದಲ್ಲೇ ಕೂತಿದ್ದರು. ಮೂರನೆಯವನು ಇಲ್ಲ. ಲಾಲಪ್ಪನ ಫೋನು ಸ್ವಿಚ್ ಆಫ್. ಫೈರ್ ಬ್ರಿಗೇಡಿಗೆ ಫೋನ್ ಮಾಡಿದರೆ ಸ್ಥಳಕ್ಕೆ ತಿಳಿಸುತ್ತೇವೆ ಎಂದರು, ಯಾವಾಗ ಎಂದು ಹೇಳಲಿಲ್ಲ. ನಿನ್ನೆ ಬಂದ ಅಣ್ಣ ಮುಕಾದಮನ ಲೆಕ್ಕದಲ್ಲಿರಲಿಲ್ಲ. ಅವನು ತಮ್ಮನ ಜಾಗಕ್ಕೆ ಎಣಿಕೆಯಾಗಿದ್ದ. ಲೆಕ್ಕ ಜಮಾ ಮಾಡಿಸಿದ್ದು ಶಿವರಾಜನ ಬಾಯಿ. ಒಂದು ಜೀವ ಕಲ್ಲುಮಣ್ಣಿನ ಕೆಳಗಿತ್ತು, ಅದರ ಮೇಲೆ ಇವನೇ ಬಾಗಿಲು ಹಾಕಿ ಬಂದಿದ್ದ.

"ಬರ್ರಿ," ಎಂದ. ಅವನ ಮುಖದಲ್ಲೇ ಅವಳಿಗೆ ಎಲ್ಲ ತಿಳಿದಿರಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕಾತ್ರಜ ಚೌಕದಲ್ಲಿ ಸಾತಾರಾ ಕಡೆಯ ಬಸ್ಸುಗಳು ಅಡ್ಡಾದಿಡ್ಡಿ ನಿಂತಿದ್ದವು. ಹಾರ್ನ್ ಹೊಡೆದರೆ ಯಾರೂ ಕದಲಲಿಲ್ಲ. ಇದೇ ಚೌಕದಲ್ಲಿ ಹೋದ ಭಾನುವಾರ ಅವನು ರೊಟ್ಟಿ ಹಂಚಿ, ಮುದುಕಿಯರ ಆಶೀರ್ವಾದ ಪಡೆದು, ಎದೆಯುಬ್ಬಿಸಿ ಮನೆಗೆ ಹೋಗಿದ್ದ. ಸ್ವಪ್ನಿಲ್‌ನ ಫೋನು ಮತ್ತೆ ಬಂತು. "ತೂ ಸುರೂ ಕರ್, ನೀನೇ ಶುರು ಮಾಡು," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಒಂದು ಕೈ ಸ್ಟಿಯರಿಂಗ್ ಮೇಲೆ, ಒಂದು ಕೈ ಕರಡಿಗೆಯ ಮೇಲೆ. ಶಿವನೇ, ನನ್ನ ಜಾಣತನಕ್ಕೆ ಇನ್ನೊಬ್ಬನನ್ನು ಬಲಿ ತಗೊಳ್ಳಬೇಡ ಎಂದು ಬೇಡಿಕೊಂಡ. ಹಿಂದೆ ಕೂತವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ದೂರದಿಂದಲೇ ಹಳದಿ ಜೆಸಿಬಿ ಕಾಣಿಸಿತು. ಅದರ ಬಾಯಿ ಕುಸಿದ ಸ್ಲ್ಯಾಬಿನ ಒಂದು ಅಂಚನ್ನು ಕಚ್ಚಿ ಎತ್ತುತ್ತಿತ್ತು. ಕಬ್ಬಿಣದ ಸರಳುಗಳು ಕಿರುಗುಟ್ಟುತ್ತಿದ್ದವು. ಕೆಳಗೆ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅಂಜಿಕೆ ಯಾತಕ್ಕೆ?

ಶಿವರಾಜ ಕಾರನ್ನು ರಸ್ತೆಯ ಮೇಲೆಯೇ ಬಿಟ್ಟು ಓಡಿದ. ಚಪ್ಪಲಿ ಎಲ್ಲೋ ಕಳಚಿತು. ಜೆಸಿಬಿಯ ಮುಂದೆ ಎರಡೂ ಕೈ ಎತ್ತಿ ನಿಂತು, "ಥಾಂಬಾ! ನಿಲ್ಲಿಸಿ! ಆತ್ ಮಾಣೂಸ್ ಆಹೆ, ಒಳಗೆ ಮನುಷ್ಯ ಇದ್ದಾನೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಡ್ರೈವರ್ ಬೈದ. ಫೈರ್ ಬ್ರಿಗೇಡಿನ ಅಧಿಕಾರಿ ಓಡಿ ಬಂದ. ಯಂತ್ರ ನಿಂತಿತು.

"ಎಲ್ಲರೂ ಸಿಕ್ಕಿದ್ದಾರೆಂದು ನೀವೇ ಫೋನಿನಲ್ಲಿ ಹೇಳಿದಿರಂತಲ್ಲ?" ಎಂದ ಅಧಿಕಾರಿ.

"ಹೌದು, ನಾನೇ ಹೇಳಿದ್ದು. ತಪ್ಪು ಹೇಳಿದೆ," ಎಂದ ಶಿವರಾಜ.

ಲಾಲಪ್ಪ ಮಂದಿಯನ್ನು ಸರಿಸಿಕೊಂಡು ಬಂದ. ಅವನ ಮೊಬೈಲನ್ನು ಪೊಲೀಸರು ತೆಗೆದಿಟ್ಟುಕೊಂಡಿದ್ದರು. ಶಿವರಾಜ ಅವನಿಗೆ ಎರಡೇ ಮಾತಿನಲ್ಲಿ ಹೇಳಿದ. ಲಾಲಪ್ಪ ಎರಡೂ ಕೈಯಿಂದ ತಲೆ ಚಚ್ಚಿಕೊಂಡ. "ಅಯ್ಯಯ್ಯೋ, ಹರ್ಯಾ ಒಳಗ ಅದಾನ! ನಾ ನಿಮ್ಮ ಹತ್ರ ಇರಾಂವ ಹರ್ಯಾ ಅಂತ ತಿಳದಿದ್ನಲ್ರಿ!"

ಅಧಿಕಾರಿ ಎಲ್ಲರಿಗೂ ಸುಮ್ಮನಿರುವಂತೆ ಕೈಮಾಡಿದ. ರಸ್ತೆಯ ಲಾರಿಗಳನ್ನೂ ನಿಲ್ಲಿಸಿದರು. ಲಾಲಪ್ಪ ಸ್ಲ್ಯಾಬಿನ ಸಂದಿಯ ಬಳಿ ಬಗ್ಗಿ ಕೂಗಿದ: "ಹರ್ಯಾ! ಏ ಹರ್ಯಾ!" ಉತ್ತರವಿಲ್ಲ. ಜೊತೆಯ ಕೂಲಿಗಳೂ ಕೂಗಿದರು. ಮತ್ತೊಂದು ಬದಿಗೆ ಹೋಗಿ ಕೂಗಿದರು. ಎಲ್ಲೋ ಒಂದು ಕಡೆ ಮರಳು ಜರಜರನೆ ಇಳಿಯಿತು, ಅಷ್ಟೇ. ಅಧಿಕಾರಿ ಇನ್ನೊಮ್ಮೆ ಕೂಗಿಸಿದ. ಬಳಿಕ ಶಿವರಾಜನ ಕಡೆ ನೋಡಿ ಮೆಲ್ಲನೆ ತಲೆಯಾಡಿಸಿದ. ಉತ್ತರ ಬಾರದಿದ್ದರೆ ಎಲ್ಲಿ ಅಗೆಯಬೇಕೆಂದು ತಿಳಿಯುವುದಿಲ್ಲ, ತಿಳಿಯದೆ ಕೈಹಾಕಿದರೆ ಉಳಿದ ಸ್ಲ್ಯಾಬೂ ಕೂರುತ್ತದೆ ಎಂದ.

ಶಿವರಾಜ ದುರ್ಗಾಳ ಕಡೆ ತಿರುಗಿದ. ಕೂಗು ಎನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಅವಳಿಗೆ ಅದನ್ನು ಹೇಳುವ ಹಕ್ಕನ್ನು ಅವತ್ತು ಅವನು ಕಳೆದುಕೊಂಡಿದ್ದ.

ಅವಳು ತಾನೇ ಮುಂದೆ ಬಂದಳು. ಒಂದೊಂದು ಹೆಜ್ಜೆಗೂ ನಿಲ್ಲುತ್ತಿದ್ದಳು. ಗಂಡನ ಉಸಿರು ಒಂದು ದಾರದಲ್ಲಿ ತೂಗುತ್ತಿದೆ, ಹೆಸರು ಹೇಳಿದರೆ ಆ ದಾರವನ್ನು ತನ್ನ ಕೈಯಾರೆ ಹರಿದಂತೆ; ಹೇಳದಿದ್ದರೆ? ಅವಳ ಮುಖದಲ್ಲಿ ಎರಡೂ ಭಯ ಒಟ್ಟೊಟ್ಟಿಗೆ ಕಾಣುತ್ತಿದ್ದವು. ಸಂದಿಯ ಬಳಿ ಮೊಣಕಾಲೂರಿದಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಹರಿಶ್ಚಂದ್ರಾ..."

ಅಷ್ಟು ಗಂಡಸರ ಮುಂದೆ, ಮುಕಾದಮನ ಮುಂದೆ, ಪೊಲೀಸರ ಮುಂದೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂತೆ ಎಳೆದು ಕೂಗಿದಳು. "ಹರಿಶ್ಚಂದ್ರಾ... ಓ ಹರಿಶ್ಚಂದ್ರಾ..."

ಮೊದಲು ಏನೂ ಇಲ್ಲ. ಆಮೇಲೆ ಮೆಟ್ಟಿಲಿನ ಕಡೆಯಿಂದ ಕಬ್ಬಿಣದ ಪೈಪಿನ ಮೇಲೆ ಟಣ್ ಎಂದು ಒಂದು ಸದ್ದು. ತಡೆದು ಇನ್ನೊಂದು. ಅದರ ಹಿಂದೆಯೇ ಬಾವಿಯ ತಳದಿಂದ ಬಂದಂತೆ ಒಂದು ದನಿ.

"ಓ..."

ಶಿವರಾಜ ಅಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ಜೆಸಿಬಿಯನ್ನು ಹಿಂದಕ್ಕೆ ಕಳಿಸಿದರು. ಬುಟ್ಟಿ, ಸಲಿಕೆ, 'ಜ್ಯಾಕು' ತಂದು ಕೈಯಿಂದಲೇ ತೆಗೆಯತೊಡಗಿದರು. ಶಿವರಾಜನೂ ಸಾಲಿನಲ್ಲಿ ನಿಂತು ಬುಟ್ಟಿ ದಾಟಿಸಿದ. ಯಾರೋ ನೀರಿನ ಬಾಟಲಿ ಚಾಚಿದರೆ ಪಕ್ಕದವನಿಗೆ ಕೊಟ್ಟ. ಹೊತ್ತು ಇಳಿಯತೊಡಗಿದಾಗ ಹರಿಶ್ಚಂದ್ರನನ್ನು ಹೊರಗೆ ತೆಗೆದರು. ಮೆಟ್ಟಿಲಿನ ಅಡಿಯ ಪೊಳ್ಳು ಅವನನ್ನು ಉಳಿಸಿತ್ತು. ತೋಳು, ಪಕ್ಕೆಲುಬು ಮುರಿದಿದ್ದವು. ಜೆಸಿಬಿ ಕಚ್ಚಿದ್ದ ಸ್ಲ್ಯಾಬಿನ ಇನ್ನೊಂದು ತುದಿ ಅದೇ ಮೆಟ್ಟಿಲಿನ ಮೇಲೆ ಕೂತಿತ್ತು.

ಅವನನ್ನೂ ಅಣ್ಣನಿದ್ದ ಆಸ್ಪತ್ರೆಗೇ ತಂದರು. ಕೌಂಟರಿನ ಹುಡುಗಿ ಹೆಸರು ಕೇಳಿದಳು. ದುರ್ಗಾ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು, ಬೆಳಗಿನಂತೆಯೇ. ಶಿವರಾಜ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಆದರೂ ಕೇಳಿದ: "ಇವರು ನಿಮಗ ಏನಾಗಬೇಕು ತಂಗಿ?"

"ಗಂಡ," ಎಂದಳು.

ಮನೆಗೆ ಬಂದಾಗ ಚನ್ನಬಸವ್ವ ಬಾಗಿಲಲ್ಲೇ ಕೂತಿದ್ದಳು. ಮಗನ ಪೂಜೆಯಾಗದೆ ಅವಳೂ ಉಂಡಿರಲಿಲ್ಲ. ಅವನು ಸ್ನಾನ ಮಾಡಿ, ಅರ್ಧಕ್ಕೆ ಬಿಟ್ಟ ಪೂಜೆಗೆ ಕೂತ. ಉಣ್ಣುವಾಗ ನಡೆದದ್ದನ್ನೆಲ್ಲ ಹೇಳಿದ. ಹೆಸರು ಕೂಗಿದ ಮಾತು ಬಂದಾಗ ತ್ರಿವೇಣಿ ಅತ್ತೆಯ ಮುಖ ನೋಡಿದಳು. ಮುದುಕಿ ಕೈಯ ತುತ್ತನ್ನು ಗಂಗಾಳಕ್ಕಿಟ್ಟಳು. "ಎಷ್ಟ್ ಅಂಜಿರಬೇಕೋ ಆ ಕೂಸು," ಎಂದು ಕಣ್ಣೊರೆಸಿಕೊಂಡಳು.

ಮಗರಪಟ್ಟಾದ ಆ ಕೆಲಸ ಬೇರೆಯವರ ಪಾಲಾಯಿತು. ಸ್ವಪ್ನಿಲ್ ಕೆಲವು ದಿನ ಮುಖ ಗಂಟು ಹಾಕಿಕೊಂಡಿದ್ದ. ಶಿವರಾಜ ಪ್ರೋಗ್ರಾಮಿನಲ್ಲಿ ಒಂದು ಬದಲಾವಣೆ ಮಾಡಿದ. ಗೊತ್ತಿಲ್ಲದ್ದನ್ನು 'ಇನ್ನೂ ಗೊತ್ತಿಲ್ಲ' ಎಂದು ಬಿಟ್ಟು ಮುಂದೆ ಹೋಗಲು ಈಗ ಬರುತ್ತಿತ್ತು. ಮಷೀನನ್ನು ಕೆಡಿಸುತ್ತಿದ್ದೀಯಾ ಎಂದು ಸ್ವಪ್ನಿಲ್ ಜಗಳವಾಡಿದ. ಶಿವರಾಜ ಜಗ್ಗಲಿಲ್ಲ.

ಮುಂದಿನ ಭಾನುವಾರ ಅವನು ರೊಟ್ಟಿಯ ಗಂಟು ಹಿಡಿದು ಆಸ್ಪತ್ರೆಗೆ ಹೋದ. ಅಣ್ಣತಮ್ಮಂದಿರನ್ನು ಒಂದೇ ಕೋಣೆಯಲ್ಲಿ ಮಲಗಿಸಿದ್ದರು. ದೇವಾನಂದ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದ. ದುರ್ಗಾ ಕಿಟಕಿಯ ಬಳಿ ಭಾವನಿಗೆ ಬೆನ್ನು ಹಾಕಿ ನಿಂತಿದ್ದಳು. ಹರಿಶ್ಚಂದ್ರ ಎದ್ದು ಕೂರಲು ಹವಣಿಸಿದ.

"ಮಲಗೋ ತಮ್ಮಾ. ನನ್ನ ತಪ್ಪಿಗಿ ನೀ ಅಷ್ಟೊತ್ತು ಒಳಗ ಬಿದ್ದಿ," ಎಂದ ಶಿವರಾಜ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅದೊಂದೇ.

"ಬಿಡ್ರಿ ಸಾಹೇಬ್ರ." ಹರಿಶ್ಚಂದ್ರ ನಕ್ಕ, ಪಕ್ಕೆ ನೋವಾಗಿ ನಗು ನಿಂತಿತು. "ನಿಮಗೊಂದು ಹೇಳ್ಲ್ಯಾ? ಒಳಗ ನನಗ ನಿದ್ದಿ ಹತ್ತಿತ್ರಿ. ಹರ್ಯಾ ಹರ್ಯಾ ಅಂತ ಯಾರೋ ಒದರೋದು ಕೇಳತಿತ್ತು. ಓ ಅನ್ನಾಕ ಮನಸ್ಸ ಆಗಲಿಲ್ಲ. ಸುಮ್ನ ಮಲಗೂಣು ಅನಸ್ತು. ಆಗ ನಮ್ಮವ್ವ ಕರದ್ಲರಿ."

"ನಿಮ್ಮವ್ವ?"

"ಹೂಂ ರೀ. ಸತ್ತು ಭಾಳ ವರ್ಷ ಆತು. ನನ್ನ ಪೂರಾ ಹೆಸರು ಹಿಡದು ಕರೀತಿದ್ದಾಕಿ ಆಕಿ ಒಬ್ಬಾಕೀನ. ಹೊಲದಾಗ ಬುತ್ತಿ ಬಿಚ್ಚಿಟ್ಟು ಹಂಗ ಕರೀತಿದ್ಲು. ಅವ್ವ ಕರದ ಮ್ಯಾಗ ಓ ಅನ್ನದ ಇರಾಕ ಬರ್ತದೇನ್ರಿ?"

ಶಿವರಾಜ ಕಿಟಕಿಯ ಕಡೆ ನೋಡಿದ. ದುರ್ಗಾ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಶಿವರಾಜನನ್ನೇ ನೋಡುತ್ತಿದ್ದಳು. ಅವಳು ಕೂಗಿದ್ದನ್ನು ಅಷ್ಟು ಜನ ಕೇಳಿಸಿಕೊಂಡಿದ್ದರೂ ಅವಳ ಗಂಡನಿಗೆ ಯಾರೂ ಹೇಳಿರಲಿಲ್ಲ. ಶಿವರಾಜನ ನಾಲಗೆಯ ತುದಿಗೆ ಮಾತು ಬಂದಿತ್ತು. ಅದನ್ನು ನುಂಗಿಕೊಂಡ.

"ಖರೆ ಅದ," ಎಂದು ಹರಿಶ್ಚಂದ್ರನ ಮುಂದೆ ರೊಟ್ಟಿಯ ಗಂಟು ಬಿಚ್ಚಿದ.

ದುರ್ಗಾ ಗಂಗಾಳ ತೊಳೆದು ತಂದು ಗಂಡನ ಮುಂದಿಟ್ಟಳು.